"ನಿಮಗಾಗಿ ಪ್ರಾರ್ಥಿಸುತ್ತೇನೆ" ಎನ್ನುವ ಮುನ್ನ

ಪ್ರಿಯ ಸಹೋದರ ಸಹೋದರಿಯರೇ,

ಪ್ರಾಮಾಣಿಕತೆ ಎಂದರೆ ಲಂಚ, ಕಳ್ಳಲೆಕ್ಕದಂಥ ದೊಡ್ಡ ವಿಷಯಗಳೇ ನೆನಪಾಗುತ್ತವೆ. ನಾನು ಎಡವಿದ್ದು ಅಲ್ಲಲ್ಲ. ಆರಾಧನೆ ಮುಗಿದು ಹೊರಬರುವಾಗ ಯಾರಾದರೂ ಕಷ್ಟ ಹೇಳಿಕೊಂಡರೆ "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದುಬಿಡುತ್ತಿದ್ದೆ; ಮನೆ ತಲುಪುವಷ್ಟರಲ್ಲಿ ಅವರ ಹೆಸರೂ ಮರೆತಿರುತ್ತಿತ್ತು. ಭಕ್ತಿಯ ಮಾತಾದ್ದರಿಂದ ಅದೂ ಸುಳ್ಳೇ ಎಂದು ಬಹಳ ಕಾಲ ಹೊಳೆಯಲೇ ಇಲ್ಲ.

ಈಗ, ಅವರು ಒಪ್ಪಿದರೆ ನಿಂತಲ್ಲೇ ಅರ್ಧ ನಿಮಿಷ ಪ್ರಾರ್ಥಿಸುತ್ತೇನೆ. ಇಲ್ಲವಾದರೆ ಮೊಬೈಲ್‌ನಲ್ಲಿ ಹೆಸರು ಬರೆದು ಅಂದೇ ರಾತ್ರಿಗೆ ಅಲಾರಾಂ ಇಡುತ್ತೇನೆ. ಎರಡೂ ಆಗದಿದ್ದರೆ ಮಾತು ಕೊಡುವುದಿಲ್ಲ. ಬೈಬಲ್‌ನ ಮತ್ತಾಯ 5:37ರಲ್ಲಿ ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿರಿ ಎಂದು ಯೇಸು ಹೇಳಿದ್ದು ಆಣೆಯ ವಿಷಯ ಬಂದಾಗ. ಆಣೆಯೇ ಬೇಕಾಗದಷ್ಟು ನಮ್ಮ ಸಾದಾ ಮಾತು ನಂಬುವಂತಿರಬೇಕು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಮನೆಯಲ್ಲೇ ಕುಳಿತು "ದಾರಿಯಲ್ಲಿದ್ದೇನೆ" ಎನ್ನುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ತಪ್ಪಿದ್ದು ಗೊತ್ತಾದ ಮೇಲೆ ದೇವರಲ್ಲಿ ಕ್ಷಮೆ ಕೇಳಿ ಸುಮ್ಮನಾಗುವುದು ಸುಲಭ. ಲೂಕ 19ರಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯ ಅಷ್ಟಕ್ಕೇ ನಿಲ್ಲಲಿಲ್ಲ; ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಹಾಗಾಗಿ ತಪ್ಪಿ ಹೆಚ್ಚು ಬಂದ ಚಿಲ್ಲರೆ, ತಂದು ಮರಳಿಸದ ಪುಸ್ತಕ, ಇನ್ನೊಬ್ಬರ ಕೆಲಸಕ್ಕೆ ನಮಗೆ ಸಿಕ್ಕ ಹೊಗಳಿಕೆ, ಎಲ್ಲವನ್ನೂ ಆಯಾ ವ್ಯಕ್ತಿಯ ಬಳಿಯೇ ಸರಿಪಡಿಸಿ. ಕೊನೆಯದು ನಿಜಕ್ಕೂ ಕಠಿಣ, ಏಕೆಂದರೆ ಹೊಗಳಿದವರ ಮುಂದೆಯೂ ಹೇಳಬೇಕಾಗುತ್ತದೆ. ಹೇಳುವಾಗ "ಆದರೆ" ಎಂದು ಶುರುವಾಗುವ ಎರಡನೆಯ ವಾಕ್ಯ ಮಾತ್ರ ಬೇಡ.