ಹುಲಿ ಮಾಡಲು ಹೋಗಿ ಬೆಕ್ಕಾಗದಿರಲಿ

ನವರಾತ್ರಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮಕ್ಕಳ ಕಿವಿಯಲ್ಲಿ ತಾಸೆ ವಾದ್ಯದ್ದೇ ಸದ್ದು. ಪಿಲಿವೇಷದ, ಅಂದರೆ ಹುಲಿವೇಷದ ಕುಣಿತದ ತಂಡ ಬೀದಿಗಿಳಿದ ಮೇಲಂತೂ ಮನೆಯ ಸೋಫಾ, ಮಂಚ ಎಲ್ಲವೂ ಕಾಡು. ದೊಡ್ಡವರು ಗಂಟೆಗಟ್ಟಲೆ ಕೈ ಚಾಚಿ ನಿಂತು ಮೈಗೆಲ್ಲ ಬಣ್ಣ ಬಳಿಸಿಕೊಳ್ಳುತ್ತಾರೆ. ಏಳು ವರ್ಷದ ಹುಡುಗಿ ಐದು ನಿಮಿಷವೂ ನಿಲ್ಲಲಾರಳು. ಅದಕ್ಕೇ ಅಕ್ಕನ ಮಗಳಿಗೆ ಹುಲಿಯ ಮುಖವಾಡ ಮಾಡಿಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಿದವಳು ಹೇಳಿದ್ದು ಒಂದೇ ಮಾತು: “ಮಿಯಾಂವ್.”

ಕಾಗದದ ಮುಖವಾಡವಾಗಿದ್ದರೆ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು. ನಾನು ಬಳಸಿದ್ದು ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್. ಇನ್ನೂ ಬಣ್ಣ ಹಾಕಿರಲಿಲ್ಲವಾದ್ದರಿಂದ ಅದೇ ಸಂಜೆ ಮತ್ತೆ ನೀರಿಗೆ ಹಾಕಿ, ಕಲಸಿ, ಹೊಸದಾಗಿ ಹುಲಿ ಮಾಡಿದೆ.

ಇದರ ರಾಸಾಯನಿಕ ಹೆಸರು ಪಾಲಿಕ್ಯಾಪ್ರೊಲ್ಯಾಕ್ಟೋನ್. ಇನ್‌ಸ್ಟಾಮಾರ್ಫ್, ಪಾಲಿಮಾರ್ಫ್ ಎಂಬ ಹೆಸರುಗಳಲ್ಲಿ ಬಿಳಿ ಕಾಳಿನ ರೂಪದಲ್ಲಿ ಬರುತ್ತದೆ; ಆನ್‌ಲೈನಿನಲ್ಲಿ ಹುಡುಕಿದರೆ ಬೇರೆ ಹೆಸರಿನವೂ ಸಿಗುತ್ತವೆ. ನೋಡಲು ಥೇಟ್ ಸಬ್ಬಕ್ಕಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪಾಯಸದಲ್ಲಿ ಬೆಂದ ಸಬ್ಬಕ್ಕಿಯಂತೆಯೇ ಬಿಳುಪು ಹೋಗಿ ಗಾಜಿನಂತಾಗುತ್ತದೆ. ತಣ್ಣಗಾದರೆ ಮತ್ತೆ ಬಿಳಿ, ಗಟ್ಟಿ. ಈ ಬಣ್ಣವೇ ನಿಮ್ಮ ಥರ್ಮಾಮೀಟರ್: ಗಾಜಿನಂತಿದ್ದರೆ ಬಗ್ಗಿಸಬಹುದು, ಅಂಚಿನಲ್ಲಿ ಹಾಲಿನ ಛಾಯೆ ಕಂಡರೆ ಕೈ ತೆಗೆಯಬೇಕು.

ಮಗುವಿಗೆ ಹಣೆಯಿಂದ ಮೂಗಿನವರೆಗಿನ ಅರ್ಧ ಮುಖವಾಡ ಸಾಕು. ಬಾಯಿ ತೆರೆದಿದ್ದರೆ ಉಸಿರಾಟಕ್ಕೂ ತೊಂದರೆಯಿಲ್ಲ, ಗರ್ಜನೆಗೂ ಅಡ್ಡಿಯಿಲ್ಲ. ಮೂರು ಮಿಲಿಮೀಟರ್ ದಪ್ಪದ ಹಾಳೆಗೆ ಸುಮಾರು 100 ಗ್ರಾಂ ಹಿಡಿಯುತ್ತದೆ. ಕಿವಿ, ಮೂಗು ಸೇರಿಸಿ 200 ಗ್ರಾಂ ತರಿಸಿಕೊಂಡರೆ ಸ್ವಲ್ಪ ಉಳಿಯುತ್ತದೆ. ಜೊತೆಗೆ ಒಂದು ಹಳೆಯ ಸ್ಟೀಲ್ ಪಾತ್ರೆ, ಚಮಚ, ಲಟ್ಟಣಿಗೆ, ಕತ್ತರಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಜೇಡಿಮಣ್ಣು, ಅಕ್ರಿಲಿಕ್ ಬಣ್ಣ, ಅಗಲ ಎಲಾಸ್ಟಿಕ್ ಇರಲಿ. ಪ್ಲಾಸ್ಟಿಕ್ ಪಾತ್ರೆ ಮಾತ್ರ ಬೇಡ, ಕೆಲವು ಜಾತಿಯ ಪ್ಲಾಸ್ಟಿಕ್‌ಗೆ ಇದು ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಮೊದಲ ಕೆಲಸ ಅಳತೆ. ಒಂದು ಕಿವಿಯ ಮುಂದಿನಿಂದ ಇನ್ನೊಂದು ಕಿವಿಯವರೆಗೆ ಮೂಗಿನ ಮೇಲೆ ಹಾದು ಬರುವಂತೆ ದಾರ ಹಿಡಿಯಿರಿ. ಆಮೇಲೆ ಹಣೆಯ ಕೂದಲಂಚಿನಿಂದ ಮೂಗಿನ ತುದಿಗೆ. ದಿನಪತ್ರಿಕೆಯ ಹಾಳೆಯನ್ನು ಮಡಚಿ ಅರ್ಧ ಮುಖ ಬರೆದು ಕತ್ತರಿಸಿದರೆ ಎರಡೂ ಕಡೆ ಸಮ ಬರುತ್ತದೆ. ಆ ಕಾಗದವನ್ನು ಮಗುವಿನ ಮುಖಕ್ಕೆ ಹಿಡಿದು ಕಣ್ಣಿನ ಜಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ಗುರುತು ಹಾಕಿ. ರಂಧ್ರ ಮೂರೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ ಇರಲಿ. ದೊಡ್ಡದಾಯಿತು ಅನ್ನಿಸುತ್ತದೆ, ಆದರೂ ಇರಲಿ. ಕುಣಿಯುವ ಮಗುವಿಗೆ ಮೆಟ್ಟಿಲು ಕಾಣಬೇಕು.

ಬಿಸಿ ಪ್ಲಾಸ್ಟಿಕ್ಕನ್ನು ಮುಖದ ಮೇಲೆಯೇ ಒತ್ತುವ ಸಾಹಸ ಯಾರೂ ಮಾಡಬಾರದು. ಅಚ್ಚಿಗೆ ನಾನು ಬಳಸುವುದು ಸುಲಿಯದ ತೆಂಗಿನಕಾಯಿ. ಕರಾವಳಿಯ ಮನೆಯಲ್ಲಿ ಅದಕ್ಕೇನು ಬರ? ಮಗುವಿನ ಮುಖದಷ್ಟು ಅಗಲದ ಕಾಯಿ ಆರಿಸಿ, ಬಟ್ಟೆಯ ಸಿಂಬಿಯ ಮೇಲೆ ಅಲುಗದಂತೆ ಮಲಗಿಸಿ. ಜೇಡಿಮಣ್ಣಿನಿಂದ ಮೂಗು, ಹುಬ್ಬಿನ ಉಬ್ಬು ಮಾಡಿ. ಮೇಲೆ ಫಾಯಿಲ್ ಹೊದಿಸಿ, ತೆಂಗಿನೆಣ್ಣೆ ತೆಳ್ಳಗೆ ಸವರಿ.

ಈಗ ನೀರು. ಕುದಿಯುವ ನೀರಿಗೇ ಕಾಳು ಸುರಿದರೆ ಅಂಟಂಟಾಗುತ್ತದೆ, ಕೈಯೂ ಸುಡುತ್ತದೆ. ಎರಡು ಲೋಟ ಕುದಿನೀರಿಗೆ ಒಂದು ಲೋಟ ತಣ್ಣೀರು ಬೆರೆಸಿದರೆ 70 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಇದು ದೊಡ್ಡವರ ಕೆಲಸ, ಮಗು ದೂರ ಕೂತು ನೋಡಲಿ. ಕಾಳುಗಳೆಲ್ಲ ಗಾಜಿನಂತಾಗಿ ಒಂದಕ್ಕೊಂದು ಅಂಟಿದ ಮೇಲೆ ಚಮಚದಿಂದ ಎತ್ತಿ, ಅರ್ಧ ನಿಮಿಷ ಬಿಟ್ಟು, ಒಳಗೆ ಸಿಕ್ಕಿಕೊಂಡ ನೀರು ಹೋಗುವಂತೆ ನಾದಿ.

ಮುಂದಿನದು ಅಕ್ಕಿರೊಟ್ಟಿ ತಟ್ಟಿ ಅಭ್ಯಾಸವಿದ್ದವರಿಗೆ ಹೇಳಿಕೊಡಬೇಕಾದ್ದಲ್ಲ. ಕಡಪದ ಕಲ್ಲಿಗೂ ಕೈಗೂ ನೀರು ಸವರಿಕೊಂಡರೆ ಅಂಟುವುದಿಲ್ಲ. ಎರಡು ಬದಿಗೆ ಎರಡು ಮರದ ಅಡಿಪಟ್ಟಿ ಇಟ್ಟು ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ದಪ್ಪ ಎಲ್ಲೆಡೆ ಒಂದೇ ಸಮ. ಹಾಳೆಯ ಮೇಲೆ ಕಾಗದ ಇಟ್ಟು ಸುತ್ತಲೂ, ಕಣ್ಣಿನ ಜಾಗವನ್ನೂ ಮೆತ್ತಗಿರುವಾಗಲೇ ಕತ್ತರಿಸಿ. ಅಷ್ಟರಲ್ಲಿ ಬಿಳಿಯಾಗತೊಡಗಿದರೆ ಗಾಬರಿ ಬೇಡ, ಮತ್ತೆ ಬಿಸಿನೀರಿನಲ್ಲಿ ಅದ್ದಿ. ಅಗಲ ಚಮಚ ಅಡಿಗಿಟ್ಟು ಎತ್ತಿ ತೆಂಗಿನಕಾಯಿಯ ಮೇಲೆ ಹೊದಿಸಿ, ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಕಣ್ಣು ಎಳೆದುಕೊಂಡು ಉದ್ದವಾಗಿದ್ದರೆ ಈಗಲೇ ಸರಿಪಡಿಸಿ. ಎಲಾಸ್ಟಿಕ್‌ಗೆ ಬೇಕಾದ ತೂತನ್ನೂ ಪೆನ್ಸಿಲಿನಿಂದ ಈಗಲೇ ಚುಚ್ಚಿ. ಗಟ್ಟಿಯಾದ ಮೇಲೆ ಡ್ರಿಲ್ಲಿಂಗ್ ಮಷೀನ್ ಹುಡುಕಬೇಕಾಗುತ್ತದೆ. ಪೂರ್ತಿ ಬಿಳಿಯಾಗುವ ತನಕ ಅಚ್ಚಿನಿಂದ ತೆಗೆಯಬೇಡಿ.

ಹುಲಿಯೋ ಬೆಕ್ಕೋ ಎಂಬುದು ತೀರ್ಮಾನವಾಗುವುದು ಇನ್ನು ಮುಂದೆ. ನನ್ನ ಮೊದಲ ಮುಖವಾಡ ಕೆಟ್ಟದ್ದು ಕಿವಿಯಿಂದ. ನೆತ್ತಿಯ ಮೇಲೆ ಎರಡು ಚೂಪು ತ್ರಿಕೋನ ನಿಲ್ಲಿಸಿದ್ದೆ. ಹುಲಿಯ ಕಿವಿ ದುಂಡಗೆ, ತಲೆಗೆ ಹೋಲಿಸಿದರೆ ಚಿಕ್ಕದು, ಬದಿಗೆ ಸರಿದಿರುತ್ತದೆ. ಮುಖವಾಡವನ್ನು ಗಡಿಯಾರವೆಂದುಕೊಂಡರೆ ಬೆಕ್ಕಿನ ಕಿವಿ ಹನ್ನೊಂದು ಮತ್ತು ಒಂದರ ಜಾಗದಲ್ಲಿ, ಹುಲಿಯದು ಹತ್ತು ಮತ್ತು ಎರಡರಲ್ಲಿ. ಐದು ಸೆಂಟಿಮೀಟರ್ ಅಗಲದ ಅರ್ಧಚಂದ್ರ ಕತ್ತರಿಸಿ, ಬುಡವನ್ನು ಚಿವುಟಿ ಬಟ್ಟಲಿನಂತೆ ಮಾಡಿ.

ಎರಡನೆಯದು ಮೂಗು. ಬೆಕ್ಕಿನದು ಗುಂಡಿಯಷ್ಟು. ಹುಲಿಯದು ಹುಬ್ಬಿನ ನಡುವಿನಿಂದ ಇಳಿದು ಬರುವ ಅಗಲವಾದ ಉದ್ದ ದಿಬ್ಬ. ಹೆಬ್ಬೆರಳು ದಪ್ಪದ ಸುರುಳಿ ಹೊಸೆದು, ಚಪ್ಪಟೆ ಮಾಡಿ ಕೂರಿಸಿ. ಅದರ ಕೆಳಗೆ ಅಕ್ಕಪಕ್ಕ ಅರ್ಧ ನಿಂಬೆಹಣ್ಣಿನಷ್ಟು ಎರಡು ಉಬ್ಬು, ಮಗುವಿನ ಮೇಲ್ದುಟಿಯ ಮೇಲಕ್ಕೇ ನಿಲ್ಲುವಂತೆ. ಒಳಗೆ ಟೊಳ್ಳು ಮಾಡಿದರೆ ಭಾರ ಕಡಿಮೆ.

ಇವನ್ನು ಅಂಟಿಸಲು ಗೋಂದು ಬೇಡ, ಬಿಸಿಗೆ ಬಿಸಿ ತಾಗಿದರೆ ತಾನೇ ಬೆಸೆಯುತ್ತದೆ. ಆದರೆ ನಡುವೆ ನೀರಿನ ಪಸೆ ಇದ್ದರೆ ಬೆಸೆದಂತೆ ಕಂಡು, ಮೂರನೇ ಕುಣಿತಕ್ಕೆ ಕಿವಿ ಕಳಚಿ ಬೀಳುತ್ತದೆ. ಎರಡೂ ಕಡೆ ಬಟ್ಟೆಯಿಂದ ಒರೆಸಿ, ಮುಖವಾಡವನ್ನು ಅಚ್ಚಿನ ಮೇಲೆಯೇ ಇಟ್ಟು ಆ ಜಾಗಕ್ಕಷ್ಟೇ ಹೇರ್ ಡ್ರೈಯರ್ ಹಿಡಿದು ಗಾಜಿನ ಬಣ್ಣ ಬರಿಸಿ, ಒಂದು ನಿಮಿಷ ಒತ್ತಿ ಹಿಡಿಯಿರಿ. ಮೀಸೆಗೆ ಗಾಳದ ನೈಲಾನ್ ದಾರದ ತುಂಡುಗಳನ್ನು ಬಿಸಿ ಉಬ್ಬಿನೊಳಗೆ ಚುಚ್ಚಿದರಾಯಿತು. ಅಂದಹಾಗೆ, ನೈಲಾನ್ ಬಂದದ್ದು ಅಮೆರಿಕದ ವ್ಯಾಲೇಸ್ ಕ್ಯಾರದರ್ಸ್ ಅವರ ತಂಡದಿಂದ, 1935ರಲ್ಲಿ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಕೂಡ 1930ರ ದಶಕದ ಆರಂಭದಲ್ಲಿ ಅದೇ ತಂಡದ ಕೈಯಲ್ಲಿ ಹುಟ್ಟಿದ್ದು. ಮೀಸೆಯೂ ಮುಖವೂ ದಾಯಾದಿಗಳು!

ಬಣ್ಣ ಹಚ್ಚುವ ಮುನ್ನ ನಯವಾದ ಸ್ಯಾಂಡ್‌ಪೇಪರಿನಿಂದ ಒದ್ದೆ ಮಾಡಿಕೊಂಡು ಉಜ್ಜಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಒಣಗಿಸಿಯೇ ಉಜ್ಜಿದರೆ ತಿಕ್ಕಾಟದ ಬಿಸಿಗೆ ಮೇಲ್ಮೈ ಮೆತ್ತಗಾಗಿ ಕಾಗದಕ್ಕೆ ಹತ್ತುತ್ತದೆ. ಹಳದಿಗೆ ಒಂದಿಷ್ಟು ಕೆಂಪು ಬೆರೆಸಿ ಹಣೆ, ಮೂಗಿನ ದಿಬ್ಬಕ್ಕೆ ಹಚ್ಚಿ. ಕಣ್ಣಿನ ಮೇಲ್ಭಾಗ, ಕೆನ್ನೆ, ಮೀಸೆಯ ಜಾಗ ಹುಲಿಗೆ ಬಿಳಿ. ಪ್ಲಾಸ್ಟಿಕ್ಕೇ ಬಿಳಿ ಇರುವಾಗ ಅಲ್ಲಿ ಬಣ್ಣ ಯಾಕೆ? ಕಿವಿಯ ಹಿಂಭಾಗ ಕಪ್ಪು, ನಡುವೆ ಒಂದು ಬಿಳಿ ಬೊಟ್ಟು. ಇದನ್ನು ಮರೆಯುವವರೇ ಹೆಚ್ಚು, ಹಿಂದಿನಿಂದ ನೋಡಿದರೂ ಹುಲಿ ಅನ್ನಿಸುವುದು ಇದರಿಂದಲೇ. ಪಟ್ಟೆಗಳನ್ನು ಎಡಬಲ ಸಮ ಮಾಡಲು ಹೆಣಗಬೇಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಅದೇ ಹುಲಿಯ ಎಡದ್ದು ಬಲಕ್ಕಿಲ್ಲ. ಬಂಡೀಪುರ, ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸುವುದು ಈ ವ್ಯತ್ಯಾಸವನ್ನು ನಂಬಿಕೊಂಡೇ.

ಒಳಗೆ ಹಣೆ ಮತ್ತು ಮೂಗು ತಾಗುವಲ್ಲಿ ತೆಳು ಸ್ಪಂಜ್ ಅಂಟಿಸಿ, ಎಲಾಸ್ಟಿಕ್ ಕಟ್ಟಿ.

ಪಾತ್ರೆಯ ನೀರನ್ನು ಸಿಂಕಿಗೆ ಚೆಲ್ಲುವ ಮುಂಚೆ ಬಟ್ಟೆಯಲ್ಲಿ ಸೋಸಿ. ಉಳಿದ ಚೂರು ಪೈಪಿನೊಳಗೆ ಗಟ್ಟಿಯಾದರೆ ಪ್ಲಂಬರಿಗೇ ಹಬ್ಬ. ಮುಖವಾಡವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ನಮ್ಮ ಎರಡನೇ ಹುಲಿ ಮಧ್ಯಾಹ್ನವಿಡೀ ಡ್ಯಾಶ್‌ಬೋರ್ಡಿನ ಮೇಲೆ ಕೂತು, ಸಂಜೆಗೆ ದೋಸೆಯಾಗಿತ್ತು. ಬಣ್ಣ ಕೆರೆದು ತೆಗೆದು ಅದನ್ನೇ ಮತ್ತೆ ನೀರಿಗೆ ಹಾಕಿದ್ದೇನೆ. ಈ ಸಲ ಅವಳಿಗೆ ಚಿರತೆ ಬೇಕಂತೆ.