ಇಂಪ್ಲಾಂಟ್‌ಗೆ ಡಿಜಿಟಲ್ ಅಳತೆ: ತಪ್ಪು ನುಸುಳುವುದು ಎಲ್ಲಿ?

ಸಹಜ ಹಲ್ಲಿಗೂ ಎಲುಬಿಗೂ ನಡುವೆ ನಾರಿನ ಪದರವಿದೆ. ಹಾಗಾಗಿ ಹಲ್ಲು 25ರಿಂದ 100 ಮೈಕ್ರಾನ್‌ನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಲುಗುತ್ತದೆ. ಕೃತಕ ಹಲ್ಲಿಗೆ ಬೇರಾಗಿ ಎಲುಬಿನಲ್ಲಿ ಕೂರಿಸಿ ಬೆಸೆದ ಇಂಪ್ಲಾಂಟ್ ಅಲುಗುವುದು 3ರಿಂದ 5 ಮೈಕ್ರಾನ್ ಅಷ್ಟೇ. ಮೇಲೆ ಕೂರಿಸುವ ಬ್ರಿಜ್, ಅಂದರೆ ಒಂದಕ್ಕೊಂದು ಜೋಡಿಸಿದ ಕೃತಕ ಹಲ್ಲುಗಳ ಸಾಲು, ತುಸು ಓರೆಯಾದರೂ ಹಲ್ಲು ಸರಿದು ಜಾಗ ಕೊಡುತ್ತದೆ, ಇಂಪ್ಲಾಂಟ್ ಕೊಡುವುದಿಲ್ಲ. ಆ ಎಳೆತಕ್ಕೆ ಸ್ಕ್ರೂ ಸಡಿಲವಾಗುತ್ತದೆ, ಪಿಂಗಾಣಿ ಸಿಡಿಯುತ್ತದೆ.

ಹಾಗಾಗಿ ಅಳತೆ ನಿಖರವಾಗಿರಬೇಕು. ಬಾಯೊಳಗೆ ಅಳತೆ ತೆಗೆಯುವ ಸ್ಕ್ಯಾನರ್ ಕ್ಯಾಲಿಬ್ರೇಟ್ ಮಾಡಿ, ತುದಿ ಬೆಚ್ಚಗಾಗಲು ಬಿಡಿ; ತಣ್ಣಗಿದ್ದರೆ ಉಸಿರಿನ ಹಬೆ ಕನ್ನಡಿಯ ಮೇಲೆ ಕೂರುತ್ತದೆ. ಕುರ್ಚಿಯ ದೀಪವನ್ನು ಬಾಯಿಂದಾಚೆ ತಿರುಗಿಸಿ. ವಸಡು ಮಾಯುವವರೆಗೆ ಇಂಪ್ಲಾಂಟ್ ಮೇಲೆ ಹಾಕಿದ ಮುಚ್ಚಳ, ಅಂದರೆ ಹೀಲಿಂಗ್ ಕ್ಯಾಪ್ ಬಿಚ್ಚಿದ ಕೂಡಲೇ ವಸಡಿನ ಕುಳಿಯನ್ನು ಸ್ಕ್ಯಾನ್ ಮಾಡಿಕೊಳ್ಳಿ. ಆಸರೆ ಹೋದ ವಸಡು ನಿಮಿಷಗಳಲ್ಲೇ ಒಳಕ್ಕೆ ಕುಸಿಯುತ್ತದೆ.

ಈಗ ಸ್ಕ್ಯಾನ್ ಬಾಡಿ: ಇಂಪ್ಲಾಂಟ್ ಎಲ್ಲಿ, ಯಾವ ಕೋನದಲ್ಲಿದೆ ಎಂದು ಸ್ಕ್ಯಾನರ್‌ಗೆ ತೋರಿಸಲು ಅದರ ಮೇಲೆ ತಿರುಗಿಸಿ ಕೂರಿಸುವ ಗುರುತಿನ ತುಂಡು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ, ಬೈಗುಳ ಮಾತ್ರ ಸ್ಕ್ಯಾನರ್‌ಗೆ. ಇಂಪ್ಲಾಂಟ್‌ನ ಬಾಯನ್ನು ತೊಳೆದು ಒಣಗಿಸಿ. ರಕ್ತದ ಹೆಪ್ಪು, ವಸಡಿನ ಚೂರು ಸಿಕ್ಕಿಕೊಂಡರೆ ಸ್ಕ್ಯಾನ್ ಬಾಡಿ ಪೂರ್ತಿ ಕೂರುವುದಿಲ್ಲ. ಪಕ್ಕದ ಹಲ್ಲಿಗೂ ತಾಗಬಾರದು. ಪೀಕ್ ಪ್ಲಾಸ್ಟಿಕ್ಕಿನದಾದರೆ ಬಿಗಿ ಹಗುರವಾಗಿರಲಿ, ತಯಾರಕರು ಹೇಳಿದಷ್ಟೇ. ಕೊನೆಯ ಸ್ಕ್ರೂಗೆ ಬಳಸುವ 25–35 ನ್ಯೂಟನ್ ಸೆಂಟಿಮೀಟರ್ ಬಿಗಿಯನ್ನೇ ಇದಕ್ಕೂ ಹಾಕಿದರೆ ಪ್ಲಾಸ್ಟಿಕ್ ಅದುಮಿ ಕೆಳಕ್ಕಿಳಿಯುತ್ತದೆ. ಆಮೇಲೆ ಎಕ್ಸ್-ರೇ ತೆಗೆಯಿರಿ, ಕಿರಣ ಇಂಪ್ಲಾಂಟ್‌ಗೆ ಲಂಬವಾಗಿ ಬೀಳಲಿ. ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಬಿಚ್ಚಿ ಮತ್ತೆ ಕೂರಿಸಿ. ಪೂರ್ತಿ ಪೀಕ್‌ನದು ಎಕ್ಸ್-ರೇಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಬುಡ ಟೈಟಾನಿಯಂ ಇರುವುದನ್ನೇ ಕೊಳ್ಳಿ.

ಸ್ಕ್ಯಾನನ್ನು ಹಲ್ಲಿರುವ ಜಾಗದಿಂದ ಶುರು ಮಾಡಿ. ಅಗಿಯುವ ಮೇಲ್ಮೈ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ, ನಾಲಿಗೆಯ ಕಡೆಯಿಂದ ವಾಪಸ್ ಬನ್ನಿ, ಕೊನೆಗೆ ಕೆನ್ನೆಯ ಕಡೆ. ಯಂತ್ರ ಒಂದೇ ಚಿತ್ರ ತೆಗೆಯುವುದಿಲ್ಲ. ಸಣ್ಣ ಸಣ್ಣ ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಬರುವ ಭಾಗ ನೋಡಿ ಹೊಲಿಯುತ್ತದೆ. ಕೈ ಹಾರಿದರೆ ಹೊಲಿಗೆ ತಪ್ಪುತ್ತದೆ. ಸ್ಕ್ಯಾನ್ ಬಾಡಿಯ ತಲೆ ಮತ್ತು ಚಪ್ಪಟೆ ಮುಖ ಪರದೆಯಲ್ಲಿ ತೂತಿಲ್ಲದೆ ಬಂದಿರಬೇಕು.

ಒಂದೆರಡು ಹಲ್ಲಿನ ಕೆಲಸಕ್ಕೆ ಇಷ್ಟು ಸಾಕು. ಸಾಂಪ್ರದಾಯಿಕ ಅಚ್ಚಿಗೆ ಇದು ಕಡಿಮೆಯೇನಲ್ಲ. ಪೂರ್ತಿ ಬೋಳು ದವಡೆಯ ಕತೆಯೇ ಬೇರೆ. ನುಣುಪಾದ ಒದ್ದೆ ವಸಡಿನಲ್ಲಿ ಹೊಲಿಗೆಗೆ ಹಿಡಿತ ಸಿಗುವುದಿಲ್ಲ. ಪ್ರತಿ ಹೊಲಿಗೆಯ ಚೂರು ತಪ್ಪು ಮುಂದಿನದಕ್ಕೆ ಸೇರಿಕೊಂಡು, ಇನ್ನೊಂದು ತುದಿ ಮುಟ್ಟುವಾಗ ದೊಡ್ಡದಾಗಿರುತ್ತದೆ. ಜಾಹೀರಾತಿನ ಮೈಕ್ರಾನ್ ಲೆಕ್ಕ ನೋಡುವಾಗ ಅದು ಎಷ್ಟು ಉದ್ದದ ಕಮಾನಿಗೆ ಎಂದು ಕೇಳಿ. ಸ್ಕ್ಯಾನ್ ಬಾಡಿಗಳ ನಡುವೆ ರೆಸಿನ್ ಗುರುತುಗಳನ್ನಿಟ್ಟರೆ ಹೊಲಿಗೆಗೆ ಆಸರೆ ಸಿಗುತ್ತದೆ. ಗುರುತುಗಳ ಫೋಟೋಗಳಿಂದ ಇಂಪ್ಲಾಂಟ್‌ಗಳ ಸ್ಥಾನ ಲೆಕ್ಕ ಹಾಕುವ ಫೋಟೋಗ್ರಾಮೆಟ್ರಿ ಇದ್ದರೆ ಇನ್ನೂ ಮೇಲು, ಅದಕ್ಕೆ ಹೊಲಿಗೆಯ ಹಂಗಿಲ್ಲ. ವಸಡಿಗೆ ಮಾತ್ರ ಬೇರೆ ಸ್ಕ್ಯಾನ್ ಬೇಕು. ಎರಡೂ ಇಲ್ಲವೆಂದರೆ, ಅಚ್ಚಿಗಾಗಿ ಇಂಪ್ಲಾಂಟ್‌ಗಳಿಗೆ ಸಿಕ್ಕಿಸುವ ಕಂಬಗಳನ್ನು ರೆಸಿನ್‌ನಿಂದ ಬೆಸೆದು, ತಿರುಪು ಬಿಚ್ಚಲು ಮೇಲೆ ತೂತಿರುವ ತೆರೆದ ಟ್ರೇಯಲ್ಲಿ ಅಚ್ಚು ತೆಗೆಯುವ ಹಳೆಯ ದಾರಿಗೆ ಸಂಕೋಚವಿಲ್ಲದೆ ಹೋಗಿ.

ಲ್ಯಾಬ್‌ಗೆ ಫೈಲ್ ಜೊತೆ ಇಂಪ್ಲಾಂಟ್‌ನ ಕಂಪನಿ, ಮಾದರಿ, ವ್ಯಾಸ, ಸ್ಕ್ಯಾನ್ ಬಾಡಿಯ ಹೆಸರು ಬರೆದು ಕಳಿಸಿ. ಅಲ್ಲಿ ತಪ್ಪು ಲೈಬ್ರರಿ (ಕಂಪ್ಯೂಟರ್‌ನಲ್ಲಿರುವ ಇಂಪ್ಲಾಂಟ್, ಸ್ಕ್ಯಾನ್ ಬಾಡಿಗಳ ಮಾದರಿಗಳ ಸಂಗ್ರಹ) ಆರಿಸಿದರೆ ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಇಂಪ್ಲಾಂಟ್ ಕಂಪ್ಯೂಟರ್‌ನಲ್ಲಿ ಬೇರೆ ಎತ್ತರದಲ್ಲಿ ಕೂರುತ್ತದೆ.

ಬ್ರಿಜ್ ಬಂದಾಗ ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿಯ ಎಕ್ಸ್-ರೇ ತೆಗೆಯಿರಿ. ಆ ಕಡೆ ಎದ್ದಿದ್ದರೆ ಉಳಿದ ಸ್ಕ್ರೂಗಳನ್ನು ಬಿಗಿದು ಕೂರಿಸುವ ಹಟ ಬೇಡ. ಬ್ರಿಜ್ ಕತ್ತರಿಸಿ, ಬಾಯಲ್ಲೇ ರೆಸಿನ್‌ನಿಂದ ಜೋಡಿಸಿ, ಲ್ಯಾಬ್‌ಗೆ ವಾಪಸ್ ಕಳಿಸಿ.