ಒಂದೇ ಕಥೆ ಹಿಡಿದು ವಿಜ್ಞಾನದ ತತ್ವಶಾಸ್ತ್ರ ಓದುವುದು ಹೇಗೆ?

ಮೊದಲು ನಾನು ಹೆಸರು, ಇಸವಿಗಳ ಪಟ್ಟಿ ಮಾಡಿ ಓದಿದೆ. ಎರಡು ವಾರದಲ್ಲಿ ಎಲ್ಲಾ ಮರೆತೆ. ನೀವು ಒಂದೇ ಘಟನೆ ಹಿಡಿಯಿರಿ. ಪ್ರತಿಯೊಬ್ಬ ತತ್ವಜ್ಞಾನಿಯ ವಿಚಾರವನ್ನೂ ಅದಕ್ಕೆ ಒರೆಹಚ್ಚಿ.

ನಾನು ಹಿಡಿದದ್ದು ಗ್ರಹಗಳ ಕಥೆ. ಯುರೇನಸ್ ನ್ಯೂಟನ್ ಲೆಕ್ಕದ ದಾರಿ ತಪ್ಪುತ್ತಿತ್ತು. ಫ್ರೆಂಚ್ ಖಗೋಳಜ್ಞ ಲೆ ವೆರಿಯೇ ನ್ಯೂಟನ್‌ನ ನಿಯಮವನ್ನು ಬಿಡಲಿಲ್ಲ. ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದ. 1846ರಲ್ಲಿ ನೆಪ್ಚೂನ್ ಸಿಕ್ಕೇಬಿಟ್ಟಿತು! ಬುಧ ಗ್ರಹವೂ ಲೆಕ್ಕದಿಂದ ಸ್ವಲ್ಪ ತಪ್ಪುತ್ತಿತ್ತು. ಅದಕ್ಕೂ ಅದೇ ಉಪಾಯ ಹೂಡಿದ. ಅಲ್ಲಿ ಯಾವ ಗ್ರಹವೂ ಸಿಗಲಿಲ್ಲ. ಉತ್ತರ ಬಂದದ್ದು 1915ರಲ್ಲಿ, ಐನ್‌ಸ್ಟೈನ್‌ನ ಹೊಸ ಗುರುತ್ವ ಸಿದ್ಧಾಂತದಿಂದ.

ಈಗ ತತ್ವಜ್ಞಾನಿ ಹ್ಯೂಮ್‌ನನ್ನು ಕರೆಯಿರಿ. ಇವತ್ತಿನವರೆಗೆ ಹೊಂದಿದ ನಿಯಮ ನಾಳೆಯೂ ಹೊಂದುತ್ತದೆ ಎನ್ನಲು ಏನು ಆಧಾರ? ಇದು 18ನೇ ಶತಮಾನದ ಪ್ರಶ್ನೆ. ಬರೆದಿಟ್ಟುಕೊಂಡು ಮುಂದೆ ಹೋಗಿ.

ತತ್ವಜ್ಞಾನಿ ಕಾರ್ಲ್ ಪಾಪರ್ ಹತ್ತಿರ ಮಾತ್ರ ನಿಲ್ಲಿ. ಸಿದ್ಧಾಂತವನ್ನು ಸಾಬೀತು ಮಾಡೋಕಾಗಲ್ಲ, ಸುಳ್ಳಾಗಿಸಬಹುದು ಎಂದು 1934ರಲ್ಲಿ ವಾದಿಸಿದ. ಹಾಗಾದರೆ ಯುರೇನಸ್ ದಾರಿ ತಪ್ಪಿದಾಗಲೇ ನ್ಯೂಟನ್‌ನನ್ನು ಕೈಬಿಡಬೇಕಿತ್ತಾ? ಇಲ್ಲಿ ನಾನು ಮೂರು ದಿನ ಸಿಕ್ಕಿಹಾಕಿಕೊಂಡಿದ್ದೆ. ಕಾಣದ ಗ್ರಹದಂಥ, ಪರೀಕ್ಷಿಸಲು ಬರುವ ಹೊಸ ಊಹೆ ಸೇರಿಸಬಹುದು ಅಂತ ಪಾಪರ್ ಒಪ್ಪುತ್ತಾನೆ. ಇದನ್ನು ಬಿಟ್ಟು ಸುಮ್ನೆ ಅವನನ್ನು ಬೈಯುವವರೇ ಜಾಸ್ತಿ.

ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ 1962ರಲ್ಲಿ ಬೇರೆ ಕಡೆಯಿಂದ ನೋಡಿದ. ವಿಜ್ಞಾನಿಗಳು ಇಂಥ ತಪ್ಪಿದ ಲೆಕ್ಕವನ್ನು ಒಗಟು ಎಂದುಕೊಂಡು ಬಿಡಿಸುತ್ತಾ ಕೂರುತ್ತಾರೆ. ಬಿಕ್ಕಟ್ಟು ಬೆಳೆದಾಗ ಅವರು ಯೋಚಿಸುವ ಚೌಕಟ್ಟೇ ಬದಲಾಗಬಹುದು. ಬುಧನ ಕಥೆಗೆ ಇದು ಪೂರ್ತಿ ಹೊಂದುತ್ತದೆಯೇ? ನನಗೆ ಅನುಮಾನ. ನೀವೇ ಒಂದು ಪುಟ ಬರೆದು ನೋಡಿ.